ನಡೆಯಲಾರದ ಹೇಂಟೆ ಮತ್ತು ನಾಲ್ಕು ದಾನಗಳು

(ಬಸದಿಯ ಪ್ರತಿಷ್ಠಾ ಮಹೋತ್ಸವದ ಅಂಗವಾಗಿ ಜರುಗಿದ ಧರ್ಮಸಭೆಯಲ್ಲಿ ಮಾಡಿದ ಭಾಷಣ)

 

ಜಿನಬಿಂಬದ ಪ್ರತಿಷ್ಠೆ ನೆರವೇರಿದ ಈ ಮಂಗಳಕಾಲದಲ್ಲಿ ಧರ್ಮಸಭೆಯ ವೇದಿಕೆಯಿಂದ ಕೋಳಿಯ ವಿಷಯವನ್ನು ಪ್ರಸ್ತಾಪಿಸುವುದು ಕೆಲವರಿಗೆ ಅನುಚಿತವೆಂದು ತೋರಬಹುದು. ಶ್ರಾವಕರ ಹಿತ್ತಲಿನಲ್ಲಿ ಕೋಳಿ ಸಾಕುವ ರೂಢಿಯಿಲ್ಲ. ಮೊಟ್ಟೆ ಮಾಂಸಗಳ ಮಾತು ಈ ಸಮಾಜದ ಅಡುಗೆಮನೆಗೆ ಹೊರತು. ಆದುದರಿಂದ ಕೋಳಿಯ ರೋಗವು ಕೋಳಿ ಸಾಕಿದವರ ಪಾಡು ಎಂದು ತಿಳಿದು ಸುಮ್ಮನಿರುವವರೇ ಹೆಚ್ಚು. ಆದರೆ ಜೀವದಯೆಯು ಮನೆಯ ಬೇಲಿಯ ಒಳಗೆ ಮಾತ್ರ ಸಲ್ಲುವ ಧರ್ಮವೆಂದು ಯಾವ ಆಚಾರ್ಯರೂ ಹೇಳಿಲ್ಲ. ಬೇಲಿಯ ಆಚೆ ಬಿದ್ದ ಪ್ರಾಣಿಯನ್ನು ಕಂಡೂ ಕಾಣದಂತೆ ನಡೆದುಹೋದವನ ವ್ರತ ಎಷ್ಟು ಗಟ್ಟಿ ಎಂಬ ಪ್ರಶ್ನೆ ಉಳಿದೇ ಇರುತ್ತದೆ.

ಶಿರಸಿ, ಸಿದ್ದಾಪುರ, ಯಲ್ಲಾಪುರ ಈ ಮೂರು ತಾಲೂಕುಗಳು ಘಟ್ಟದ ಮೇಲಿನ ಅಡಿಕೆ ತೋಟಗಳ ಸೀಮೆ. ಸೋಂದೆಯ ಸ್ವಾದಿ ಜೈನಮಠವೂ ಬಿಳಗಿಯ ಬಸದಿಯೂ ಇದೇ ಸೀಮೆಯಲ್ಲಿವೆ. ಇಲ್ಲಿ ತೋಟದ ಕೆಲಸಕ್ಕೆ ಬರುವ ಕೂಲಿಕಾರರ ಮನೆಗಳಲ್ಲಿ, ಕಾಡಂಚಿನ ಒಕ್ಕಲುಗಳಲ್ಲಿ, ಯಲ್ಲಾಪುರದ ಕಡೆಯ ಸಿದ್ದಿಗಳ, ಗೌಳಿಗಳ ಕೇರಿಗಳಲ್ಲಿ ನಾಲ್ಕಾರು ಕೋಳಿಗಳಿಲ್ಲದ ಅಂಗಳ ಅಪರೂಪ. ಆ ಕೋಳಿಗಳು ಮನೆಯೊಡತಿಯ ಸ್ವಂತ ಗಂಟು. ಕಾಯಿಲೆಗೆ, ಶಾಲೆಯ ಪುಸ್ತಕಕ್ಕೆ, ನೆಂಟರು ಬಂದ ದಿನದ ಖರ್ಚಿಗೆ ಅವಳ ಕೈಗೆ ಬರುವ ಕಾಸು ಅದು. ಇಂತಹ ಅಂಗಳದಲ್ಲಿ ಒಂದು ಹೇಂಟೆ ಒಂದು ಬೆಳಿಗ್ಗೆ ಗೂಡಿನಿಂದ ಹೊರಗೆ ಬರುವುದಿಲ್ಲ. ನೋಡಿದರೆ ಕಾಲು ಮಡಚಿ ಕುಳಿತಿದೆ, ಏಳಲಾರದು. ಮನೆಯವರು ಅಡಿಕೆ ಸುಲಿಯಲು ಹೋಗಬೇಕು. ಸಂಜೆಯ ಹೊತ್ತಿಗೆ ಅದು ಎದ್ದರೆ ಎದ್ದಿತು, ಇಲ್ಲದಿದ್ದರೆ ಸಾಯುವ ಮುನ್ನ ಕೊಯ್ದರಾಯಿತು ಎಂಬುದು ಸಾಮಾನ್ಯವಾಗಿ ಆಗುವ ತೀರ್ಮಾನ.

ಇಲ್ಲಿ ಮೊದಲು ಗಮನಿಸಬೇಕಾದ ಸಂಗತಿ ಒಂದಿದೆ. ನಡೆಯಲಾರದ ಹಕ್ಕಿಯು ಬಹಳ ಸಲ ಕಾಲಿನ ರೋಗದಿಂದ ಸಾಯುವುದಿಲ್ಲ, ಬಾಯಾರಿಕೆಯಿಂದ ಸಾಯುತ್ತದೆ. ಅಂಗಳದ ಆಚೆ ಕಲ್ಲುಮರಿಗೆಯಲ್ಲಿ ನೀರಿದೆ, ಕಣದ ಬದಿಯಲ್ಲಿ ಕಾಳು ಚೆಲ್ಲಿದೆ, ಆದರೆ ನಾಲ್ಕು ಮಾರು ದೂರ ಹೋಗುವ ಶಕ್ತಿ ಅದಕ್ಕಿಲ್ಲ. ಸುತ್ತಲೂ ಸಮೃದ್ಧಿ ಇರುವಾಗಲೇ ಎರಡು ಮೂರು ದಿನಗಳಲ್ಲಿ ಅದರ ಪ್ರಾಣ ಹೋಗುತ್ತದೆ. ಯಾರೂ ಅದನ್ನು ಕೊಲ್ಲಲಿಲ್ಲ ಎಂದು ಎಲ್ಲರೂ ಸಮಾಧಾನ ಪಡುತ್ತಾರೆ. ಉಮಾಸ್ವಾಮಿ ಆಚಾರ್ಯರು ತತ್ತ್ವಾರ್ಥಸೂತ್ರದಲ್ಲಿ ಅಹಿಂಸಾಣುವ್ರತಕ್ಕೆ ಐದು ಅತಿಚಾರಗಳನ್ನು ಎಣಿಸಿದ್ದಾರೆ: ಕಟ್ಟಿಹಾಕುವುದು, ಹೊಡೆಯುವುದು, ಅಂಗ ಕತ್ತರಿಸುವುದು, ಮಿತಿಮೀರಿ ಹೊರೆ ಹೇರುವುದು ಮತ್ತು ಅನ್ನಪಾನ ನಿರೋಧ. ಮೊದಲ ನಾಲ್ಕು ಕೈಯಿಂದ ಮಾಡುವ ತಪ್ಪುಗಳು. ಐದನೆಯದು ಕೈಕಟ್ಟಿ ಕುಳಿತರೂ ಆಗಿಬಿಡುವ ತಪ್ಪು. ತನ್ನನ್ನೇ ನಂಬಿಕೊಂಡ ಪ್ರಾಣಿಗೆ ಅನ್ನ ನೀರು ತಲುಪದಂತೆ ಬಿಡುವುದೂ ಅನ್ನಪಾನ ನಿರೋಧವೇ ಎಂದು ವಿವೇಕಿಗಳು ತಿಳಿಯಬೇಕು.

ಕೋಳಿಗೂ ಕನ್ನಡದ ಜೈನ ಕಾವ್ಯಕ್ಕೂ ಇರುವ ನಂಟು ಸಣ್ಣದಲ್ಲ. ಹೊಯ್ಸಳ ವೀರಬಲ್ಲಾಳನಿಂದ ಕವಿಚಕ್ರವರ್ತಿ ಎಂಬ ಬಿರುದು ಪಡೆದ ಜನ್ನನು 1209ರ ಸುಮಾರಿನಲ್ಲಿ ರಚಿಸಿದ ಯಶೋಧರ ಚರಿತೆಯು ಒಂದು ಹಿಟ್ಟಿನ ಕೋಳಿಯ ಸುತ್ತ ಹೆಣೆದ ಕಥೆ. ತಾಯಿ ಚಂದ್ರಮತಿಯು ದುಃಸ್ವಪ್ನದ ಪರಿಹಾರಕ್ಕೆ ಬಲಿ ಕೊಡಬೇಕೆನ್ನುತ್ತಾಳೆ. ಮಗ ಯಶೋಧರನು ಜೀವವಧೆಗೆ ಒಪ್ಪದೆ, ಕೊನೆಗೆ ಹಿಟ್ಟಿನ ಹುಂಜವನ್ನು ಕೊಯ್ಯಲು ಸಮ್ಮತಿಸುತ್ತಾನೆ. ರಕ್ತ ಚೆಲ್ಲಲಿಲ್ಲ; ಆದರೂ ಸಂಕಲ್ಪದ ಹಿಂಸೆ ನಡೆದುಹೋಯಿತು. ಆ ಒಂದು ಸಂಕಲ್ಪಕ್ಕಾಗಿ ತಾಯಿಮಕ್ಕಳು ಜನ್ಮಜನ್ಮಾಂತರಗಳಲ್ಲಿ ತಿರ್ಯಗ್ಗತಿಯ ನೋವನ್ನುಣ್ಣುತ್ತಾರೆ. ಕಡೆಯ ಪ್ರಾಣಿಜನ್ಮದಲ್ಲಿ ಅವರು ಕೋಳಿಗಳಾಗಿಯೇ ಹುಟ್ಟಿ, ಮುನಿಯ ಬೋಧೆಯನ್ನು ಕೇಳಿ ಜಾತಿಸ್ಮರಣೆ ಪಡೆಯುತ್ತಾರೆ. ಬಳಿಕ ಅರಸನ ಬಾಣಕ್ಕೆ ಗುರಿಯಾಗಿ, ಅಭಯರುಚಿ ಅಭಯಮತಿಯರೆಂಬ ಅವಳಿ ಮಕ್ಕಳಾಗಿ ಮನುಷ್ಯಗತಿಗೆ ಬರುತ್ತಾರೆ. ಈ ಕಥೆಯನ್ನು ಓದಿ ಕಣ್ಣೀರಿಡುವವರು ನೆರೆಯ ಅಂಗಳದ ನಿಜವಾದ ಹೇಂಟೆಯನ್ನು ಕಂಡು ಮುಖ ತಿರುಗಿಸಿದರೆ, ಹಿಟ್ಟಿನ ಕೋಳಿಗೆ ಸಂದ ಕರುಣೆಯೂ ಜೀವದ ಕೋಳಿಗೆ ಸಲ್ಲದೆ ಹೋಗುತ್ತದೆ.

ಆಗಮದ ಲೆಕ್ಕದಲ್ಲಿ ಕೋಳಿಯು ಐದು ಇಂದ್ರಿಯಗಳೂ ಮನಸ್ಸೂ ಇರುವ ಸಂಜ್ಞಿ ಪಂಚೇಂದ್ರಿಯ ಜೀವಿ. ಅದು ನೋವನ್ನು ಬಲ್ಲದು, ಭಯವನ್ನು ಬಲ್ಲದು, ದಿನವೂ ಕಾಳು ಹಾಕುವ ಕೈಯನ್ನು ಗುರುತಿಸಬಲ್ಲದು. ಅಭಯ, ಆಹಾರ, ಶಾಸ್ತ್ರ, ಔಷಧ ಎಂಬ ನಾಲ್ಕು ದಾನಗಳನ್ನು ಪಾತ್ರದಾನವಾಗಿ ಮುನಿಗಳಿಗೂ, ಕರುಣಾದಾನವಾಗಿ ದುಃಖಿಗಳಾದ ಎಲ್ಲ ಜೀವಿಗಳಿಗೂ ಮಾಡಬಹುದೆಂದು ಶಾಸ್ತ್ರಗಳು ಹೇಳುತ್ತವೆ. ನಡೆಯಲಾರದ ಹೇಂಟೆಯ ಆರೈಕೆಗೆ ಈ ನಾಲ್ಕೂ ಬೇಕು. ಅದೂ ಇದೇ ಅನುಕ್ರಮದಲ್ಲಿ ಬೇಕು.

ಮೊದಲನೆಯದು ಅಭಯ. ಬಿದ್ದ ಕೋಳಿಯನ್ನು ಹಿಂಡಿನ ನಡುವೆ ಬಿಡಬಾರದು. ಕೋಳಿಗಳಲ್ಲಿ ಬಲ್ಲಿದರು ದುರ್ಬಲರನ್ನು ಕುಕ್ಕುವ ಕ್ರಮವಿದೆ. ಏಳಲಾರದ ಹಕ್ಕಿಯ ನೆತ್ತಿ, ಜುಟ್ಟು, ಗುದಭಾಗಗಳನ್ನು ಉಳಿದವು ಕುಕ್ಕಿ ಗಾಯ ಮಾಡುತ್ತವೆ, ಗಾಯದ ಕೆಂಪು ಕಂಡರೆ ಮತ್ತಷ್ಟು ಕುಕ್ಕುತ್ತವೆ. ಮುಂಗುಸಿ, ಕಾಡುಬೆಕ್ಕು, ನಾಯಿ, ಗಿಡುಗಗಳ ಭಯವೂ ಈ ಮಲೆಯ ಸೀಮೆಯಲ್ಲಿ ಕಡಿಮೆಯಿಲ್ಲ. ಆದುದರಿಂದ ಅದನ್ನು ಎರಡು ಕೈಗಳಲ್ಲಿ, ರೆಕ್ಕೆಗಳನ್ನು ಮೈಗೆ ಒತ್ತಿಹಿಡಿದು ಎತ್ತಬೇಕು. ಕಾಲು ಹಿಡಿದು ತಲೆಕೆಳಗೆ ಮಾಡಿ ಒಯ್ಯುವುದು ಸಂತೆಯ ರೂಢಿಯಾದರೂ ನೋವಿನ ಮೇಲೆ ನೋವು ಕೊಡುವ ರೂಢಿ. ಅಗಲವಾದ ಬುಟ್ಟಿಯಲ್ಲೋ ರಟ್ಟಿನ ಪೆಟ್ಟಿಗೆಯಲ್ಲೋ ಒಣಹುಲ್ಲನ್ನು ಹಾಸಿ ಇಡಬೇಕು. ಇತರ ಕೋಳಿಗಳ ಧ್ವನಿ ಕೇಳುವ, ಸಾಧ್ಯವಾದರೆ ಕಣ್ಣಿಗೂ ಬೀಳುವ ಜಾಗವಾದರೆ ಒಳ್ಳೆಯದು. ಹಿಂಡಿನ ಹಕ್ಕಿಯು ಒಂಟಿಯಾದರೆ ಮೇವು ಬಿಡುತ್ತದೆ. ಆದರೆ ಸಾಂಕ್ರಾಮಿಕ ರೋಗದ ಸಂಶಯವಿದ್ದಲ್ಲಿ ಪೂರಾ ದೂರವಿಡುವುದೇ ಸರಿ.

ವರ್ಷಕ್ಕೆ ಎರಡು ಸಾವಿರ ಮಿಲಿಮೀಟರಿಗೂ ಮಿಕ್ಕಿ ಮಳೆ ಬೀಳುವ ಈ ನಾಡಿನಲ್ಲಿ ಆಷಾಢ ಶ್ರಾವಣಗಳ ತಂಡಿಯೇ ಅರ್ಧ ರೋಗ. ಕೋಳಿಯ ಮೈಯ ಸಹಜ ಶಾಖವು 41 ಡಿಗ್ರಿ ಸೆಲ್ಸಿಯಸ್ಸಿಗೂ ಮೇಲೆ, ಮನುಷ್ಯನಿಗಿಂತ ಹೆಚ್ಚು. ತೊಯ್ದ ಪುಕ್ಕದಲ್ಲಿ ಅಲುಗಾಡದೆ ಕುಳಿತ ಹಕ್ಕಿಗೆ ಆ ಶಾಖವನ್ನು ಉಳಿಸಿಕೊಳ್ಳುವುದು ಕಷ್ಟ. ಹೊಗೆ ತಾಗದ ಒಲೆಬದಿಯ ಬೆಚ್ಚನೆಯ ಮೂಲೆ ಅದಕ್ಕೆ ಸಾಕು. ಹಾಸನ್ನು ದಿನಕ್ಕೆ ಎರಡು ಸಲವಾದರೂ ಬದಲಿಸಬೇಕು. ಸದಾ ಎದೆಯ ಮೇಲೆಯೇ ಭಾರ ಬಿದ್ದರೆ ಎದೆಯೆಲುಬಿನ ಮೇಲೆ ಹುಣ್ಣಾಗುತ್ತದೆ. ಆದಕಾರಣ ಹಳೆಯ ಬಟ್ಟೆಯನ್ನು ಸಿಂಬಿಯಂತೆ ಸುತ್ತಿ ಅದರ ಮೇಲೆ ಕೂರಿಸಿ, ದಿನದಲ್ಲಿ ಹಲವು ಸಲ ಮಗ್ಗುಲು ಬದಲಿಸಬೇಕು. ಬಾಲದ ಕೆಳಗೆ ಹಿಕ್ಕೆ ಅಂಟಿ ಒಣಗಿದರೆ ನೊಣ ಮೊಟ್ಟೆಯಿಟ್ಟು ಹುಳು ಬೀಳುತ್ತದೆ. ಉಗುರು ಬೆಚ್ಚನೆಯ ನೀರಿನಲ್ಲಿ ಬಟ್ಟೆ ಅದ್ದಿ ಒರೆಸಿ, ಚೆನ್ನಾಗಿ ಒಣಗಿಸಬೇಕು. ಹಾಸಿಗೆ ಹಿಡಿದ ವೃದ್ಧರನ್ನು ನೋಡಿಕೊಂಡ ಮಾತೆಯರಿಗೆ ಇದನ್ನು ಬೇರೆ ಹೇಳಿಕೊಡಬೇಕಾದುದಿಲ್ಲ. ಶುಶ್ರೂಷೆಯ ಧರ್ಮ ಎರಡು ಕಡೆಯೂ ಒಂದೇ.

ಎರಡನೆಯದು ಆಹಾರ. ಇದರಲ್ಲಿ ನೀರಿಗೇ ಅಗ್ರಸ್ಥಾನ. ಮಗುಚಿಕೊಳ್ಳದ ಭಾರವಾದ ಸಣ್ಣ ಬಟ್ಟಲಲ್ಲಿ, ಕೊಕ್ಕಿಗೆ ನಿಲುಕುವ ಎತ್ತರದಲ್ಲಿ ನೀರಿರಬೇಕು. ತಾನಾಗಿ ಕುಡಿಯಲಾರದಿದ್ದರೆ ಕೊಕ್ಕಿನ ಪಕ್ಕಕ್ಕೆ ಹನಿಹನಿಯಾಗಿ ಮುಟ್ಟಿಸಿ, ಅದು ತಾನೇ ನುಂಗುವಂತೆ ಮಾಡಬೇಕು. ಬಾಯಿ ಬಿಡಿಸಿ ಸುರಿದರೆ ನೀರು ಶ್ವಾಸನಾಳಕ್ಕೆ ಇಳಿದು, ಉಳಿಸಲು ಹೋದವರ ಕೈಯಲ್ಲೇ ಪ್ರಾಣ ಹೋಗುವುದುಂಟು. ಕೋಳಿಗೆ ಹಲ್ಲಿಲ್ಲ, ತಿಂದದ್ದು ಕುತ್ತಿಗೆಯ ಬುಡದ ಅನ್ನಚೀಲದಲ್ಲಿ ನೆನೆದು ಮುಂದಕ್ಕೆ ಹೋಗುತ್ತದೆ. ಬೆಳಿಗ್ಗೆ ಆ ಚೀಲವನ್ನು ಮೆಲ್ಲನೆ ಮುಟ್ಟಿ ನೋಡಿದರೆ ಬಹಳಷ್ಟು ತಿಳಿಯುತ್ತದೆ. ರಾತ್ರಿ ತಿಂದದ್ದು ಕರಗಿ ಖಾಲಿಯಾಗಿದ್ದರೆ ಜೀರ್ಣ ಸರಿಯಿದೆ ಎಂದರ್ಥ. ಕಲ್ಲಿನಂತೆ ಗಟ್ಟಿಯಾಗಿಯೋ ಹುಳಿನಾತದ ನೀರು ತುಂಬಿಯೋ ಇದ್ದರೆ ಮೇವು ನಿಲ್ಲಿಸಿ ವೈದ್ಯರನ್ನು ಕೇಳಬೇಕು. ಮೆತ್ತಗೆ ಬೆಂದ ಅನ್ನಕ್ಕೆ ತೌಡು ಕಲಸಿ, ಸಣ್ಣಗೆ ಹೆಚ್ಚಿದ ನುಗ್ಗೆಸೊಪ್ಪು ಬೆರೆಸಿ, ಸ್ವಲ್ಪ ಸ್ವಲ್ಪವಾಗಿ ಹಲವು ಸಲ ಕೊಡುವುದು ಉತ್ತಮ.

ಮೂರನೆಯದು ಶಾಸ್ತ್ರದಾನ, ಅಂದರೆ ಅರಿವು. ಕಾಲು ಬಿದ್ದ ಕೋಳಿಗಳೆಲ್ಲಕ್ಕೂ ರೋಗ ಒಂದೇ ಅಲ್ಲ. ಮೊದಲು ಅದು ರೋಗವೇ ಎಂದು ನೋಡಬೇಕು. ಕಾವಿಗೆ ಕುಳಿತ ಹೇಂಟೆಯೂ ಏಳುವುದಿಲ್ಲ. ಮುಟ್ಟಲು ಹೋದರೆ ಪುಕ್ಕ ಕೆದರಿ ಗುರ್ರೆನ್ನುತ್ತದೆ, ಎತ್ತಿ ಕೆಳಗಿಟ್ಟರೆ ನಡೆಯುತ್ತದೆ. ಅದಕ್ಕೆ ಔಷಧ ಬೇಡ, 21 ದಿನಗಳ ತಾಳ್ಮೆ ಸಾಕು. ಪಾದದ ಅಡಿಯಲ್ಲಿ ಕಪ್ಪು ಹೊಪ್ಪಳೆಗಟ್ಟಿ ಬಾತಿದ್ದರೆ ಅದು ಮುಳ್ಳು ಕಲ್ಲು ತಾಗಿ ಕೀವುಗಟ್ಟಿದ ಗಾಯ. ಕಾಲಿನ ಹುರುಪೆಗಳು ಮೇಲೆದ್ದು ಬೂದುಬಣ್ಣಕ್ಕೆ ತಿರುಗಿದ್ದರೆ ಅದು ಕಣ್ಣಿಗೆ ಕಾಣದ ನುಸಿಯ ಬಾಧೆ. ಬಾಲ ಅಲುಗಿಸುತ್ತ, ಮುಕ್ಕುತ್ತ, ಹೊಟ್ಟೆ ಗಟ್ಟಿಯಾಗಿ ಕುಳಿತಿದ್ದರೆ ಮೊಟ್ಟೆ ಸಿಕ್ಕಿಕೊಂಡಿರುವ ಸಂಭವವಿದೆ. ಬಹಳ ಮೊಟ್ಟೆಯಿಡುವ ತಳಿಗಳಲ್ಲಿ ಒಂದೊಂದು ಮೊಟ್ಟೆಯ ಕವಚಕ್ಕೂ ಸುಮಾರು 2 ಗ್ರಾಂ ಕ್ಯಾಲ್ಸಿಯಂ ಬೇಕಾಗುವುದರಿಂದ, ಮೇವಿನಲ್ಲಿ ಸುಣ್ಣದಂಶ ಸಾಲದಿದ್ದರೆ ಹೇಂಟೆಯು ತನ್ನ ಎಲುಬನ್ನೇ ಕರಗಿಸಿ ಕವಚ ಕಟ್ಟುತ್ತದೆ, ಕಡೆಗೆ ನಿಲ್ಲಲಾರದಾಗುತ್ತದೆ. ಗೂಡಿನ ಹಲಗೆಯ ಬಿರುಕುಗಳಲ್ಲಿ ಹಗಲು ಅಡಗಿ ರಾತ್ರಿ ರಕ್ತ ಹೀರುವ ಉಣ್ಣಿಗಳಿಂದಲೂ ಕಾಲಿನ ಬಲ ಹೋಗುವುದುಂಟು.

ಇನ್ನು ಎರಡು ರೋಗಗಳು ಭಯಂಕರವಾದವು. ಒಂದು, 1907ರಲ್ಲಿ ಹಂಗೆರಿಯ ಪಶುವೈದ್ಯ ಯೋಜೆಫ್ ಮಾರೆಕ್ ವರ್ಣಿಸಿದ ಮಾರೆಕ್ ರೋಗ. ಎಳೆಯ ಕೋಳಿಗಳಲ್ಲಿ ಒಂದು ಕಾಲು ಮುಂದಕ್ಕೂ ಇನ್ನೊಂದು ಹಿಂದಕ್ಕೂ ಚಾಚಿ ಬೀಳುವುದು ಇದರ ಪ್ರಸಿದ್ಧ ಲಕ್ಷಣ. ಇದಕ್ಕೆ ಔಷಧವಿಲ್ಲ, ಮರಿ ಒಡೆದ ಮೊದಲ ದಿನವೇ ಹಾಕುವ ಲಸಿಕೆಯೊಂದೇ ತಡೆ. ಇನ್ನೊಂದು, ಹಿಮಾಲಯದ ತಪ್ಪಲಿನ ಊರೊಂದರ ಹೆಸರಿನಿಂದಲೇ ಕರೆಯಲ್ಪಡುವ ರಾಣಿಖೇತ್ ರೋಗ. ಹಸಿರು ಬೇಧಿ, ಏದುಸಿರು, ತಿರುಚಿದ ಕುತ್ತಿಗೆ, ಬಿದ್ದ ಕಾಲು ರೆಕ್ಕೆಗಳು ಇದರ ಲಕ್ಷಣಗಳು. ಒಂದು ಅಂಗಳಕ್ಕೆ ಬಂದರೆ ಕೇರಿಯ ಕೋಳಿಗಳೆಲ್ಲ ಹೋಗಬಹುದು. ಇದಕ್ಕೂ ಲಸಿಕೆಯಿದೆ, ಮರಿಗಳ ಮೊದಲ ವಾರದಲ್ಲಿ ಕಣ್ಣಿಗೋ ಮೂಗಿಗೋ ಹನಿಯಾಗಿ, ಆಮೇಲೆ ಸುಮಾರು ಎಂಟನೆಯ ವಾರದಲ್ಲಿ ಚುಚ್ಚುಮದ್ದಾಗಿ ಹಾಕುತ್ತಾರೆ. ಈ ತಿಳಿವಳಿಕೆಯನ್ನು ಕೇರಿಗೆ ತಲುಪಿಸುವುದೇ ನೂರು ಕೋಳಿಗಳಿಗೆ ಕೊಟ್ಟ ಅಭಯದಾನ.

ನಡೆಯಲಾರದ ಕೋಳಿಯನ್ನು ಗಮನವಿಟ್ಟು ನೋಡಿದುದರಿಂದ ಮನುಷ್ಯಕುಲಕ್ಕೆ ಆದ ಉಪಕಾರ ಎಷ್ಟೆಂಬುದಕ್ಕೆ ಒಂದು ಚರಿತ್ರೆಯಿದೆ. ಅಕ್ಕಿ ಉಣ್ಣುವ ನಾಡುಗಳಲ್ಲಿ ಬೆರಿಬೆರಿ ಎಂಬ ಕಾಲು ಸೋಲುವ ರೋಗವು ಸಹಸ್ರಾರು ಜನರನ್ನು ಬಲಿ ತೆಗೆದುಕೊಳ್ಳುತ್ತಿದ್ದ ಕಾಲದಲ್ಲಿ, ಡಚ್ಚರ ಆಳ್ವಿಕೆಯ ಜಾವಾ ದ್ವೀಪದ ಬಟಾವಿಯಾ ನಗರದಲ್ಲಿ ಕ್ರಿಶ್ಚಿಯಾನ್ ಐಕ್‌ಮನ್ ಎಂಬ ವೈದ್ಯನು ಅದರ ಕ್ರಿಮಿಯನ್ನು ಹುಡುಕುತ್ತಿದ್ದನು. 1889ರಲ್ಲಿ ಅವನ ಪ್ರಯೋಗಶಾಲೆಯ ಕೋಳಿಗಳು ಇದ್ದಕ್ಕಿದ್ದಂತೆ ಕಾಲು ಸೋತು ಬೀಳತೊಡಗಿದವು. ಕ್ರಿಮಿಯೇನೂ ಸಿಗಲಿಲ್ಲ. ಕೆಲವು ತಿಂಗಳ ಮೇಲೆ ಕೋಳಿಗಳು ತಾವಾಗಿಯೇ ಗುಣವಾದವು. ವಿಚಾರಿಸಿದಾಗ ಕಾರಣ ಅಡುಗೆಮನೆಯಲ್ಲಿ ಸಿಕ್ಕಿತು. ಅದುವರೆಗೆ ಆ ಕೋಳಿಗಳಿಗೆ ಸೇನಾ ಆಸ್ಪತ್ರೆಯಲ್ಲಿ ಉಳಿದ ಪಾಲಿಶ್ ಅಕ್ಕಿಯ ಅನ್ನ ಹಾಕುತ್ತಿದ್ದರು. ಹೊಸದಾಗಿ ಬಂದ ಅಡುಗೆಯವನು ಸೇನೆಯ ಅನ್ನ ಕೋಳಿಗಳಿಗೆ ಕೊಡಲಾಗದೆಂದು ನಿಲ್ಲಿಸಿದ್ದರಿಂದ ಅವಕ್ಕೆ ತೌಡು ಹೋಗದ ಅಕ್ಕಿ ದೊರಕಿತ್ತು. ಆಮೇಲೆ ಜಾವಾದ 101 ಸೆರೆಮನೆಗಳಲ್ಲಿ ವಿಚಾರಣೆ ನಡೆಸಿದಾಗ, ಪಾಲಿಶ್ ಅಕ್ಕಿ ಉಣ್ಣುವ ಕೈದಿಗಳಲ್ಲಿಯೇ ರೋಗ ಹೆಚ್ಚೆಂದು ಸ್ಪಷ್ಟವಾಯಿತು. ಐಕ್‌ಮನ್ನನ ನಂತರ ಬಂದ ಗೆರಿಟ್ ಗ್ರೇನ್ಸ್ 1901ರಲ್ಲಿ, ತೌಡಿನಲ್ಲಿರುವ ಏನೋ ಒಂದು ಅವಶ್ಯಕ ಪದಾರ್ಥದ ಕೊರತೆಯೇ ರೋಗಕ್ಕೆ ಕಾರಣವೆಂದು ವಿವರಿಸಿದನು. ಇಂದು ಅದನ್ನು ಬಿ-1 ಜೀವಸತ್ವವೆನ್ನುತ್ತಾರೆ. 1929ರಲ್ಲಿ ಐಕ್‌ಮನ್ನನಿಗೆ ನೊಬೆಲ್ ಪಾರಿತೋಷಕ ಸಂದಿತು.

ಕೋಳಿಗಳು ಬಿದ್ದ ದಿನವೇ ಅವನ್ನು ಅಡುಗೆಮನೆಗೆ ಕಳುಹಿಸಿದ್ದರೆ ಈ ವಿದ್ಯೆ ಇನ್ನೆಷ್ಟು ಕಾಲ ತಡವಾಗುತ್ತಿತ್ತೋ! ಇದರ ಪಾಠವು ಈ ಸೀಮೆಗೂ ಹೊಂದುತ್ತದೆ. ಅಂಗಳದಲ್ಲಿ ಕೆದಕಿ ಸೊಪ್ಪು, ಕಾಳು, ಹುಳು ಆಯ್ದು ತಿನ್ನುವ ಕೋಳಿಗೆ ಇಂತಹ ಕೊರತೆ ಅಪರೂಪ. ಆದರೆ ಗೂಡಿನಲ್ಲೇ ಕೂಡಿಹಾಕಿ ಬರೀ ಬೆಳ್ಳಗಿನ ಅನ್ನವನ್ನಷ್ಟೇ ಹಾಕಿದರೆ ಕಾಲು ಸೋಲುವುದು, ತಲೆ ಬೆನ್ನಿನತ್ತ ಬಾಗುವುದು ಕಾಣಿಸಬಹುದು. ಬಿ-2 ಜೀವಸತ್ವದ ಕೊರತೆಯಾದರೆ ಮರಿಗಳ ಬೆರಳುಗಳು ಒಳಕ್ಕೆ ಮಡಚಿಕೊಳ್ಳುತ್ತವೆ. ಹೊಸ ತೌಡು, ಹಸಿರು ಸೊಪ್ಪು, ಸ್ವಲ್ಪ ಮಜ್ಜಿಗೆ, ಇವು ಕೊರತೆಯನ್ನು ತಡೆಯುತ್ತವೆ. ಆಗಲೇ ಬಿದ್ದ ಹಕ್ಕಿಗೆ ಪಶುವೈದ್ಯರು ಕೊಡುವ ಬಿ ಜೀವಸತ್ವದ ಹನಿಗಳು ಬೇಕಾಗುತ್ತವೆ. ತೌಡು ಬಹಳ ದಿನ ಇಟ್ಟರೆ ಕಮಟುತ್ತದೆ ಎಂಬುದನ್ನು ಮಾತ್ರ ಮರೆಯಬಾರದು.

ನಾಲ್ಕನೆಯದು ಔಷಧ. ಮನೆಯಲ್ಲಿ ಮಾಡಬಹುದಾದುದಕ್ಕೂ ವೈದ್ಯರಿಗೆ ಬಿಡಬೇಕಾದುದಕ್ಕೂ ಗಡಿ ತಿಳಿದಿರಬೇಕು. ಪಾದದ ಗಾಯವನ್ನು ಉಪ್ಪು ಬೆರೆಸಿದ ಬೆಚ್ಚನೆಯ ನೀರಿನಲ್ಲಿ ತೊಳೆದು ಶುದ್ಧ ಬಟ್ಟೆ ಕಟ್ಟಬಹುದು; ಕೊಯ್ದು ಕೀವು ತೆಗೆಯುವುದು ವೈದ್ಯರ ಕೆಲಸ. ಮೊಟ್ಟೆ ಸಿಕ್ಕಿಕೊಂಡ ಹೇಂಟೆಯನ್ನು ಹೊಟ್ಟೆಯವರೆಗೆ ಬೆಚ್ಚನೆಯ ನೀರಿನಲ್ಲಿ ಕಾಲು ಗಂಟೆ ಕೂರಿಸಿ, ಒರೆಸಿ, ಕತ್ತಲೆಯ ಬೆಚ್ಚನೆಯ ಮೂಲೆಯಲ್ಲಿಡಬಹುದು. ಒಳಗಿನ ಮೊಟ್ಟೆಯನ್ನು ಒತ್ತಿ ಒಡೆಯಬಾರದು. ಮಡಚಿದ ಬೆರಳುಗಳಿಗೆ ರಟ್ಟಿನ ಚೂರನ್ನು ಮೆಟ್ಟಿನಂತೆ ಕತ್ತರಿಸಿ ಅಂಟುಪಟ್ಟಿಯಿಂದ ಬಿಗಿಯಾಗದಂತೆ ಕಟ್ಟಬಹುದು. ಗುಣವಾಗುತ್ತಿರುವ ಹಕ್ಕಿಗೆ, ಬಟ್ಟೆಯಲ್ಲಿ ಕಾಲುಗಳಿಗೆ ಎರಡು ತೂತು ಮಾಡಿ ತೊಟ್ಟಿಲಂತೆ ಕಟ್ಟಿ, ಪಾದ ನೆಲಕ್ಕೆ ತಾಗುವಂತೆ ದಿನಕ್ಕೆ ಕೆಲವು ನಿಮಿಷ ನಿಲ್ಲಿಸಿದರೆ ಕಾಲಿಗೆ ಬಲ ಬರುತ್ತದೆ. ಮನುಷ್ಯರಿಗೆ ತಂದು ಉಳಿದ ಮಾತ್ರೆಗಳನ್ನು ಪುಡಿಮಾಡಿ ಹಾಕುವುದು ಔಷಧದಾನವಲ್ಲ, ವಿಷದಾನವಾದೀತು. ಮೂರೂ ತಾಲೂಕು ಕೇಂದ್ರಗಳಲ್ಲಿ ಸರಕಾರಿ ಪಶು ಆಸ್ಪತ್ರೆಗಳಿವೆ.

ಇಲ್ಲಿ ಶ್ರಾವಕನ ಮನಸ್ಸಿಗೆ ಒಂದು ಸಂದೇಹ ಬರುವುದು ಸಹಜ. ಕಾಲಿನ ನುಸಿಗೆ ಎಣ್ಣೆ ಹಚ್ಚಿದರೆ ನುಸಿ ಸಾಯುತ್ತದೆ, ಉಣ್ಣಿಗೆ ಮದ್ದು ಹಾಕಿದರೆ ಉಣ್ಣಿ ಸಾಯುತ್ತದೆ. ಒಂದು ಜೀವಕ್ಕಾಗಿ ಹಲವು ಜೀವಗಳ ಹಿಂಸೆ ಎಂತು? ಗೃಹಸ್ಥನು ಬಿಟ್ಟಿರುವುದು ಸಂಕಲ್ಪಹಿಂಸೆಯನ್ನು. ಆರಂಭ, ಉದ್ಯೋಗ, ವಿರೋಧಗಳಿಂದ ಬರುವ ಹಿಂಸೆಯು ಅವನಿಗೆ ಪೂರ್ಣವಾಗಿ ತಪ್ಪಿದ್ದಲ್ಲ, ಅದನ್ನು ಯತ್ನಾಚಾರದಿಂದ ಕಡಿಮೆ ಮಾಡಿಕೊಳ್ಳಬೇಕು. ಗೂಡನ್ನು ಒಣಗಿರುವಂತೆ, ಬಿರುಕಿಲ್ಲದಂತೆ ಇಟ್ಟರೆ ಉಣ್ಣಿ ನುಸಿ ಬೆಳೆಯುವುದು ಕಡಿಮೆ, ಕೊಲ್ಲುವ ಪ್ರಸಂಗವೂ ಕಡಿಮೆಯಾಗುತ್ತದೆ. ಶುಚಿತ್ವವು ಎರಡು ಕಡೆಯ ಜೀವಗಳನ್ನೂ ಕಾಯುವ ಅಹಿಂಸೆ.

ಕರುಣೆಗೆ ವಿವೇಕದ ಕಡಿವಾಣವೂ ಬೇಕು. ಒಂದು ಕೋಳಿ ಬಿದ್ದರೆ ಆರೈಕೆ. ಒಮ್ಮೆಗೇ ಹಲವು ಸತ್ತರೆ ಮುಟ್ಟದೆ ಪಶುವೈದ್ಯರಿಗೆ ಸುದ್ದಿ ಮುಟ್ಟಿಸಬೇಕು. 2012ರಲ್ಲಿ ಬೆಂಗಳೂರಿನ ಬಳಿಯ ಹೆಸರಘಟ್ಟದ ಕೇಂದ್ರ ಸರಕಾರದ ಕೋಳಿಸಾಕಣೆ ಕೇಂದ್ರದಲ್ಲಿಯೇ ಹಕ್ಕಿಜ್ವರ ಕಾಣಿಸಿಕೊಂಡಿತ್ತು. ಆ ರೋಗ ಮನುಷ್ಯರಿಗೂ ಹತ್ತಬಲ್ಲದು. ಒಂದೇ ಕೋಳಿಯ ಆರೈಕೆಯಲ್ಲಿಯೂ ಮುಟ್ಟಿದ ಮೇಲೆ ಕೈಗಳನ್ನು ಸಾಬೂನಿನಿಂದ ತೊಳೆಯುವುದು, ಮಕ್ಕಳು ಮುಖದ ಬಳಿ ಹಿಡಿಯದಂತೆ ನೋಡುವುದು, ಸತ್ತುದನ್ನು ಹಳ್ಳಕ್ಕೆ ಎಸೆಯದೆ ಆಳವಾಗಿ ಹೂಳುವುದು ಅವಶ್ಯ.

ಇನ್ನು ವ್ಯಾಪಾರಿಗಳು ಕೇಳುವ ಪ್ರಶ್ನೆ: ಕೋಳಿಯ ಬೆಲೆಗಿಂತ ಬಸ್ಸಿನ ಚಾರ್ಜು, ಔಷಧದ ಖರ್ಚು, ಒಂದು ದಿನದ ಕೂಲಿ ಹೆಚ್ಚಾದರೆ ಈ ಲೆಕ್ಕ ಹೊಂದುವುದೆಂತು? ಹೊಂದುವುದಿಲ್ಲ ಎಂಬುದೇ ಪ್ರಾಮಾಣಿಕ ಉತ್ತರ. ಆ ಬಡಮನೆಯೊಡತಿ ಕಲ್ಲುಮನಸ್ಸಿನವಳಲ್ಲ. ಅವಳ ಕೈಯಲ್ಲಿ ಕಾಸಿಲ್ಲ, ಹೊತ್ತಿಲ್ಲ. ಅವಳಿಗೆ ಉಪದೇಶ ಮಾಡುವ ಹಕ್ಕು ಖರ್ಚು ಹೊರುವವನಿಗೆ ಮಾತ್ರ ಉಂಟು. ಕೆಲವು ದಯಾಳುಗಳು ಬಿದ್ದ ಕೋಳಿಯನ್ನು ದುಡ್ಡು ಕೊಟ್ಟು ಬಿಡಿಸಿಕೊಳ್ಳಲು ಮುಂದಾಗುತ್ತಾರೆ. ಅದರಲ್ಲಿ ಒಂದು ತೊಡಕಿದೆ. ಅದನ್ನು ಪೇಟೆ ಬಲ್ಲವರು ಬೇಗ ಅರಿಯುತ್ತಾರೆ. ಕುಂಟುಕೋಳಿಗೆ ಗಿರಾಕಿ ಇದ್ದಾನೆಂದು ಗೊತ್ತಾದರೆ ಕುಂಟುಕೋಳಿಗಳು ಪೇಟೆಗೆ ಬರಲಾರಂಭಿಸುತ್ತವೆ, ಕೊನೆಗೆ ಕಾಲು ಮುರಿದೂ ತಂದಾರು. ಆದಕಾರಣ ಕೋಳಿಯನ್ನು ಕೊಳ್ಳುವುದಕ್ಕಿಂತ ಕೋಳಿಯ ಚಿಕಿತ್ಸೆಗೆ ಕೊಡುವುದು ಮೇಲು.

ಗುಣವಾದ ಮೇಲೆ ಆ ಕೋಳಿಯನ್ನು ಕೊಯ್ದುಬಿಟ್ಟರೆ ಮಾಡಿದ ದಾನ ಹಾಳಾಗಲಿಲ್ಲವೇ ಎಂಬುದು ಮುಂದಿನ ಪ್ರಶ್ನೆ, ಅತ್ಯಂತ ಕಠಿಣವಾದುದೂ ಹೌದು. ದೆಹಲಿಯ ಚಾಂದನಿ ಚೌಕದಲ್ಲಿ, ಕೆಂಪುಕೋಟೆಯ ಎದುರಿಗೆ ಇರುವ ದಿಗಂಬರ ಜೈನ ಲಾಲ್ ಮಂದಿರದ ಆವರಣದಲ್ಲಿ ಒಂದು ಧರ್ಮಾರ್ಥ ಪಕ್ಷಿ ಆಸ್ಪತ್ರೆಯಿದೆ. 1929ರಲ್ಲಿ ಆರಂಭವಾಗಿ 1957ರಿಂದ ಆ ಮಂದಿರದಲ್ಲಿಯೇ ನಡೆದುಬಂದಿದೆ. ಸಸ್ಯಾಹಾರಿ ಹಕ್ಕಿಗಳನ್ನು ಒಳಗಿರಿಸಿಕೊಂಡೂ, ಮಾಂಸಾಹಾರಿಯಾದ ಹದ್ದು ಗಿಡುಗಗಳನ್ನು ಹೊರರೋಗಿಗಳಾಗಿ ಕಂಡೂ ಚಿಕಿತ್ಸೆ ಕೊಡುತ್ತಾರೆ, ಹಣ ಕೇಳುವುದಿಲ್ಲ. ಒಳಗೆ ಸೇರಿಸಿದ ಹಕ್ಕಿಯನ್ನು ತಂದವರಿಗೆ ಮರಳಿ ಕೊಡದೆ, ಗುಣವಾದ ಮೇಲೆ ಬಿಡುಗಡೆ ಮಾಡುವುದು ಅಲ್ಲಿಯ ನಿಯಮ. ಅದು ಈ ಪ್ರಶ್ನೆಗೆ ಅವರು ಕಂಡುಕೊಂಡ ಉತ್ತರ. ಹಳ್ಳಿಯ ಅಂಗಳದಲ್ಲಿ ಆ ನಿಯಮ ನಡೆಯದು. ಕೋಳಿ ಆ ಬಡವಳ ಸೊತ್ತು. ಅಲ್ಲಿ ವಿನಯದಿಂದ ಕೇಳಿಕೊಳ್ಳಬಹುದು, ಬಲವಂತ ಸಲ್ಲದು. ಚಿಕಿತ್ಸೆಗೆ ಕೊಟ್ಟವನ ಪುಣ್ಯವು ಇನ್ನೊಬ್ಬನ ಮುಂದಿನ ಕರ್ಮದ ಮೇಲೆ ನಿಂತಿಲ್ಲ. ನೋವಿನಲ್ಲಿದ್ದ ಜೀವಕ್ಕೆ ನೋವು ಕಡಿಮೆಯಾದ ದಿನಗಳು ದೊರಕಿದವು, ಅಷ್ಟು ನಿಜ. ಅಲ್ಲದೆ ತಿಂಗಳುಗಟ್ಟಲೆ ಕೈಯಾರೆ ನೀರುಣಿಸಿ ಎಬ್ಬಿಸಿ ನಿಲ್ಲಿಸಿದ ಕೋಳಿಯನ್ನು ಕೊಯ್ಯಲು ಮನೆಯವರಿಗೂ ಕೈ ಬರಲಾರದು. ಆರೈಕೆಯು ಆರೈಸಿದವರನ್ನೂ ಮೆತ್ತಗೆ ಮಾಡುತ್ತದೆ.

ಎಷ್ಟು ಮಾಡಿದರೂ ಗುಣವಾಗದ ಹಕ್ಕಿಯ ಗತಿಯೇನು? ನೋವು ಮುಗಿಸುವುದೇ ದಯೆಯೆಂದು ಚುಚ್ಚುಮದ್ದಿನಿಂದ ಕೊಲ್ಲುವ ಪದ್ಧತಿ ಪಶುವೈದ್ಯದಲ್ಲಿದೆ. ಜಿನಧರ್ಮವು ಅದನ್ನು ಒಪ್ಪುವುದಿಲ್ಲ. ಆಯುಷ್ಯಕರ್ಮವನ್ನು ತುಂಡರಿಸುವ ಅಧಿಕಾರ ಬೇರೊಬ್ಬರಿಗಿಲ್ಲ. ಆದರೆ ಹಾಗೆ ಒಪ್ಪದವನ ಹೊಣೆ ಅಲ್ಲಿಗೆ ಮುಗಿಯದೆ ಇಮ್ಮಡಿಯಾಗುತ್ತದೆ. ಕೊಲ್ಲಬೇಡಿ ಎಂದು ಹೇಳಿ ಮನೆಗೆ ಹೋಗುವವನಿಗಿಂತ, ಕೊನೆಯ ದಿನದವರೆಗೆ ಹಾಸು ಬದಲಿಸುವವನೇ ಆ ಮಾತಿಗೆ ಅರ್ಹ. ಉಪವಾಸ ಬಿಟ್ಟರೆ ಸಲ್ಲೇಖನದಂತೆ ಶಾಂತವಾಗಿ ಹೋದೀತು ಎನ್ನುವುದೂ ಸರಿಯಲ್ಲ. ಸಲ್ಲೇಖನವು ತಾನು ಅರಿತು, ತಾನೇ ಕೈಗೊಳ್ಳುವ ವ್ರತ. ಇನ್ನೊಬ್ಬರ ಮೇಲೆ ಹೇರುವ ವ್ರತವಲ್ಲ. ಹಕ್ಕಿಯು ತಾನಾಗಿ ಮೇವು ಬಿಟ್ಟರೆ ಬಲವಂತದಿಂದ ತುರುಕಬೇಕಾಗಿಲ್ಲ, ಆದರೆ ಕೊಕ್ಕಿನ ಬಳಿಯ ನೀರನ್ನು ಯಾವ ಕಾರಣಕ್ಕೂ ತೆಗೆಯಬಾರದು. ಸಾಯುತ್ತಿದ್ದ ನಾಯಿಯ ಕಿವಿಯಲ್ಲಿ ಜೀವಂಧರನು ಪಂಚನಮಸ್ಕಾರ ಮಂತ್ರವನ್ನು ಹೇಳಿದ ಕಥೆ ಎಲ್ಲರಿಗೂ ತಿಳಿದದ್ದೇ. ಆ ಮಂತ್ರವನ್ನು ಹೇಂಟೆಯ ಬಳಿ ಕುಳಿತು ಹೇಳಲು ಯಾವ ಅಡ್ಡಿಯೂ ಇಲ್ಲ.

ಈ ಸೀಮೆಗೆ ಕರುಣೆ ಹೊಸದಲ್ಲ. 1934ರಲ್ಲಿ ಮಹಾತ್ಮಾ ಗಾಂಧಿಯವರು ಶಿರಸಿಗೆ ಬಂದ ಸಂದರ್ಭದಲ್ಲಿ, ಮಾರಿಕಾಂಬೆಯ ಜಾತ್ರೆಯ ಕೋಣನ ಬಲಿ ನಿಂತುಹೋಯಿತು. ಅಷ್ಟು ಹಳೆಯ ನಡಾವಳಿಯನ್ನು ಊರವರು ಒಗ್ಗಟ್ಟಿನಿಂದ ಬದಲಿಸಿಕೊಂಡರೆಂಬುದು ಇಂದಿಗೂ ಹೆಮ್ಮೆಯ ಸಂಗತಿ. ಅಂತಹ ನೆಲದಲ್ಲಿ ಒಂದು ಸಣ್ಣ ಕೆಲಸ ಕೈಗೊಳ್ಳುವುದು ಕಷ್ಟವಾಗಲಾರದು. ಪ್ರತಿಯೊಂದು ಬಸದಿಯ ಔಷಧದಾನದ ಹುಂಡಿಯಲ್ಲಿ ಒಂದು ಪಾಲನ್ನು ಬಡವರ ಸಾಕುಪ್ರಾಣಿಗಳ ಚಿಕಿತ್ಸೆಗೆ ಎತ್ತಿಡುವುದು, ಜಾತಿ ಮತ ಕೇಳದೆ ಬಸ್ಸಿನ ಚಾರ್ಜನ್ನೂ ಔಷಧದ ಬೆಲೆಯನ್ನೂ ಕೊಡುವುದು, ವರ್ಷಕ್ಕೆ ಒಂದೆರಡು ಸಲ ಪಶುವೈದ್ಯರನ್ನು ಕರೆಸಿ ಕೇರಿಯ ಕೋಳಿಗಳಿಗೆ ರಾಣಿಖೇತ್ ಲಸಿಕೆ ಹಾಕಿಸುವುದು, ಇಷ್ಟನ್ನು ತರುಣರು ವಹಿಸಿಕೊಂಡರೆ ಸಾಕು. ಇದಕ್ಕೆ ಬೇಕಾಗುವ ಹಣವು ಪ್ರತಿಷ್ಠೆಯ ಒಂದು ದಿನದ ಹೂವಿನ ಅಲಂಕಾರಕ್ಕೆ ಆಗುವಷ್ಟೂ ಆಗಲಾರದು.

ಪ್ರತಿಷ್ಠೆಗೊಂಡ ಬಿಂಬಕ್ಕೆ ದಿನವೂ ಅಭಿಷೇಕ ನಡೆಯುತ್ತದೆ. ಆ ಜಲವನ್ನು ಹೊತ್ತು ತರುವ ಕೈಗಳು ದಾರಿಯಲ್ಲಿ ಬಿದ್ದ ಬಾಯ್ದೆರೆದ ಹಕ್ಕಿಗೂ ಒಂದು ಗುಟುಕು ನೀರು ಮುಟ್ಟಿಸಲಿ ಎಂಬುದೇ ಈ ಸಭೆಯ ಮುಂದಿಟ್ಟ ಬಿನ್ನಹ.

ಜಯ ಜಿನೇಂದ್ರ.